ಸತ್ಯವಂತ ಯಾರು, ಸುಳ್ಳುಗಾರ ಯಾರು? ಲೆಕ್ಕ ಬಿಡಿಸುವ ಬಗೆ

ಸ್ಪರ್ಧಾತ್ಮಕ ಪರೀಕ್ಷೆಯ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗೆ ತಯಾರಾಗುವವರಿಗೆ ಈ ಲೆಕ್ಕಗಳ ಪರಿಚಯ ಇದ್ದೇ ಇರುತ್ತದೆ. ನಿಯಮ ಸರಳ: ಸತ್ಯವಂತ ಆಡಿದ ಪ್ರತಿ ಮಾತೂ ನಿಜ, ಸುಳ್ಳುಗಾರ ಆಡಿದ ಪ್ರತಿ ಮಾತೂ ಸುಳ್ಳು. ಬಾಯಿಲೆಕ್ಕದಲ್ಲಿ ಬಿಡಿಸಲು ಹೋದರೆ ಎರಡನೇ ಮಾತಿಗೇ ಗೋಜಲಾಗುತ್ತದೆ. ಹಾಳೆ, ಪೆನ್ಸಿಲ್ ಹಿಡಿದೇ ಕೂರಿ.

ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಮೂವರು ಕೂತಿದ್ದಾರೆ ಎಂದುಕೊಳ್ಳೋಣ.

ಬೋರಣ್ಣ: “ನಮ್ಮ ಮೂವರಲ್ಲಿ ಸತ್ಯ ಹೇಳೋರು ಒಬ್ಬರೇ.”
ಜವರಪ್ಪ: “ಬೋರಣ್ಣ ಹೇಳಿದ್ದು ಸುಳ್ಳು ಕಣಪ್ಪ.”
ನಿಂಗಮ್ಮ: “ನಾವು ಮೂರು ಜನವೂ ಸುಳ್ಳುಗಾರರೇ.”

ಮೊದಲು ಸಾಧ್ಯತೆಗಳನ್ನು ಎಣಿಸಿ. ಒಬ್ಬೊಬ್ಬರಿಗೂ 2 ಬಗೆ, ಮೂವರಿಗೆ 2×2×2, ಅಂದರೆ 8. ಬೋ, ಜ, ನಿಂ ಎಂದು ಮೂರು ಕಾಲಂ ಎಳೆದು ‘ಸ’ ಅಥವಾ ‘ಸು’ ತುಂಬುತ್ತಾ ಹೋದರೆ 8 ಸಾಲು. ಐವರಾದರೆ 32 ಸಾಲು, ಪರೀಕ್ಷೆಯಲ್ಲಿ ಅಷ್ಟು ಬರೆಯಲು ಪುರಸೊತ್ತೆಲ್ಲಿ? ಅದಕ್ಕೇ ಒಂದೇ ಏಟಿಗೆ ಹೆಚ್ಚು ಸಾಲು ಹೊಡೆದುಹಾಕುವ ಮಾತು ಯಾವುದೆಂದು ಹುಡುಕಬೇಕು. ಪ್ರಶ್ನೆಯಲ್ಲಿ ಕೊಟ್ಟ ಕ್ರಮದಲ್ಲೇ ಹೋಗಬೇಕೆಂದೇನಿಲ್ಲ.

ತಮ್ಮನ್ನೂ ಸೇರಿಸಿಕೊಂಡು ಸುಳ್ಳುಗಾರರೆಂದವರಿಂದ ಶುರುಮಾಡಿ. “ನಾನು ಸುಳ್ಳುಗಾರ” ಎಂದು ಈ ಲೆಕ್ಕದಲ್ಲಿ ಯಾರೂ ಹೇಳಲಾರರು. ಸತ್ಯವಂತ ಹೇಳಿದರೆ ಅದು ಸುಳ್ಳಾಗುತ್ತದೆ, ಸುಳ್ಳುಗಾರ ಹೇಳಿದರೆ ನಿಜವಾಗಿಬಿಡುತ್ತದೆ. ನಿಂಗಮ್ಮ ಹೇಳಿದ ಮೂವರಲ್ಲಿ ಆಕೆಯೂ ಸೇರಿದ್ದಾಳೆ. ಮಾತು ನಿಜವಾದರೆ ಆಕೆಯೇ ಸುಳ್ಳುಗಾರ್ತಿ. ಹಾಗಾಗಿ ಆಕೆ ಸತ್ಯವಂತೆಯಲ್ಲ. 4 ಸಾಲು ಹೋದವು.

ಬಹಳಷ್ಟು ಜನ ಮುಗ್ಗರಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಿಂಗಮ್ಮ ಹೇಳಿದ್ದು ಸುಳ್ಳು ತಾನೆ, ಹಾಗಾದರೆ ಮೂವರೂ ಸತ್ಯವಂತರು ಎಂದು ಬರೆದುಬಿಡುತ್ತಾರೆ. ಆಗ ನಿಂಗಮ್ಮನೂ ಸತ್ಯವಂತೆಯಾಗಬೇಕು, ಲೆಕ್ಕ ಅಲ್ಲೇ ಕೆಟ್ಟಿತು. ‘ಮೂವರೂ ಸುಳ್ಳುಗಾರರು’ ಎಂಬುದು ಸುಳ್ಳಾದರೆ ನಮಗೆ ಸಿಗುವುದು ಇಷ್ಟೇ: ಒಬ್ಬರಾದರೂ ಸತ್ಯವಂತರಿದ್ದಾರೆ. ಪಿಂಡಿಯ ಬೆಲ್ಲವೆಲ್ಲ ಕಪ್ಪು ಎಂಬ ಮಾತು ಸುಳ್ಳೆನ್ನಲು ಒಂದು ಅಚ್ಚು ಬೇರೆ ಬಣ್ಣದ್ದು ಸಿಕ್ಕರೆ ಸಾಕಲ್ಲ, ಹಾಗೆ. ‘ಇವನೂ ಅವನೂ ಸತ್ಯವಂತರು’ ಸುಳ್ಳಾದರೆ ಇಬ್ಬರಲ್ಲಿ ಒಬ್ಬನಾದರೂ ಸುಳ್ಳುಗಾರ. ‘ಇವನು ಅಥವಾ ಅವನು ಸತ್ಯವಂತ’ ಸುಳ್ಳಾದರೆ ಮಾತ್ರ ಇಬ್ಬರೂ ಸುಳ್ಳುಗಾರರು. ಎಲ್ಲಕ್ಕಿಂತ ತಲೆನೋವು ‘ಆದರೆ’ ಇರುವ ಮಾತು: ‘ಇವನು ಸತ್ಯವಂತನಾದರೆ ಅವನೂ ಸತ್ಯವಂತ’ ಎಂಬುದು ಸುಳ್ಳಾಗುವುದು ಇವನು ಸತ್ಯವಂತ, ಅವನು ಸುಳ್ಳುಗಾರ ಆಗಿದ್ದಾಗ ಮಾತ್ರ. ಉಳಿದ ಮೂರು ಸಂದರ್ಭದಲ್ಲೂ ಅದು ನಿಜವೇ.

ಇನ್ನು ಜೋಡಿ. ಒಬ್ಬ ಇನ್ನೊಬ್ಬನ ಮಾತನ್ನು ಸುಳ್ಳೆಂದರೆ ಇಬ್ಬರೂ ಬೇರೆ ಬೇರೆ ಬಗೆಯವರು. ನಿಜವೆಂದರೆ ಒಂದೇ ಬಗೆ. ಬೋರಣ್ಣ, ಜವರಪ್ಪ ಬೇರೆ ಬೇರೆ ಎಂದಮೇಲೆ ಅವರಲ್ಲಿ ಸತ್ಯವಂತ ಒಬ್ಬನೇ. ನಿಂಗಮ್ಮನಂತೂ ಅಲ್ಲ. ಒಟ್ಟು ಸತ್ಯವಂತರು 1. ಬೋರಣ್ಣ ಹೇಳಿದ್ದೂ ಅದನ್ನೇ. ಹಾಗಾಗಿ ಬೋರಣ್ಣ ಸತ್ಯವಂತ, ಜವರಪ್ಪ ಸುಳ್ಳುಗಾರ.

ಪೆನ್ಸಿಲ್ ಈಗಲೇ ಕೆಳಗಿಡಬೇಡಿ. ಜವರಪ್ಪನೇ ಸತ್ಯವಂತ ಎಂದೂ ಹಾಕಿ ನೋಡಿ. ಆಗಲೂ ಸತ್ಯವಂತ ಒಬ್ಬನೇ, ಅಂದರೆ ಸುಳ್ಳುಗಾರ ಬೋರಣ್ಣನ ಬಾಯಲ್ಲಿ ನಿಜ ಬಂದಂತಾಯಿತು. ಇದು ಕೂಡದು. ಒಂದು ಊಹೆ ಹೊಂದಿಕೊಂಡಿತು ಎಂದಮಾತ್ರಕ್ಕೆ ಅದೇ ಉತ್ತರವಲ್ಲ, ಎದುರಿನ ಊಹೆ ಮುರಿದುಬೀಳಬೇಕು. ಎರಡೂ ನಿಂತರೆ ಕೊಟ್ಟ ಮಾಹಿತಿ ಸಾಲದು, ಎರಡೂ ಬಿದ್ದರೆ ಪ್ರಶ್ನೆಯಲ್ಲೇ ದೋಷ.

“ಅವನೂ ನಾನೂ ಒಂದೇ ಬಗೆ” ಎಂದು ಯಾರೇ ಹೇಳಲಿ, ‘ಅವನು’ ಸತ್ಯವಂತನೇ. “ನಾವು ಬೇರೆ ಬೇರೆ” ಎಂದರೆ ‘ಅವನು’ ಸುಳ್ಳುಗಾರ. ಹೇಳಿದವನ ಬಗ್ಗೆ ಏನೂ ತಿಳಿಯುವುದಿಲ್ಲ. ಇದನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಸಮಯ ಉಳಿಯುತ್ತದೆ.

ಕವಲುದಾರಿಯ ಲೆಕ್ಕಕ್ಕೆ ಪಟ್ಟಿ ಬೇಡ, ಪ್ರಶ್ನೆ ಕಟ್ಟಬೇಕು. ಎರಡು ದಾರಿಯಲ್ಲಿ ಒಂದು ಮೇಲುಕೋಟೆಗೆ ಹೋಗುತ್ತದೆ, ನಿಂತಿರುವವರು ಯಾವ ಬಗೆಯೋ ಗೊತ್ತಿಲ್ಲ, ಕೇಳಲು ಒಂದೇ ಅವಕಾಶ. ಎಡದಾರಿ ತೋರಿಸಿ ಹೀಗೆ ಕೇಳಿ: “ಅಣ್ಣ, ಇದು ಮೇಲುಕೋಟೆ ದಾರಿಯಾ ಅಂತ ಕೇಳಿದ್ರೆ ನೀವು ಹೌದು ಅಂತೀರಾ?” ದಾರಿ ಸರಿಯಿದ್ದರೆ ಸತ್ಯವಂತ ಹೌದೆನ್ನುತ್ತಾನೆ. ಸುಳ್ಳುಗಾರ ನೇರ ಪ್ರಶ್ನೆಗಾದರೆ ಇಲ್ಲ ಎನ್ನುತ್ತಿದ್ದ. ಹಾಗೆನ್ನುತ್ತಿದ್ದೆ ಎಂಬುದನ್ನೂ ಮರೆಮಾಚಬೇಕಾಗಿ ಬಂದು ಅವನೂ ಹೌದೆನ್ನುತ್ತಾನೆ. ಹೌದು ಬಂದರೆ ಎಡಕ್ಕೆ, ಇಲ್ಲ ಬಂದರೆ ಬಲಕ್ಕೆ.

ಕೆಲವು ಲೆಕ್ಕಗಳಲ್ಲಿ ಮನಸ್ಸು ಬಂದಂತೆ ಹೇಳುವ ಮೂರನೇ ಬಗೆಯವರೂ ಇರುತ್ತಾರೆ. ಮೂವರಿಗೆ ಆಗ 27 ಸಾಲು. ಮಾತು ಸುಳ್ಳೆಂದು ಗೊತ್ತಾದರೂ ಆಡಿದವನು ಸತ್ಯವಂತನಲ್ಲ ಎಂದಷ್ಟೇ ಬರೆಯಬೇಕು, ‘ಸುಳ್ಳುಗಾರ’ ಎಂದು ಬರೆಯುವಂತಿಲ್ಲ. ಇವರ ಮುಂದೆ ಮೇಲುಕೋಟೆಯ ಪ್ರಶ್ನೆ ನಡೆಯುವುದಿಲ್ಲ. ಅವರ ಹೌದು, ಇಲ್ಲ ಎರಡರಿಂದಲೂ ದಾರಿ ತಿಳಿಯದು.