ಮೋರಿ ಕಾಗದದಲ್ಲಿ ಮಾತ್ರ ಇದ್ದರೆ ಅರ್ಜಿ ಹೀಗೆ ಹಾಕಿ

ಬೆಂಗಳೂರಿನ ನಮ್ಮ ಕೊಳಗೇರಿಯಲ್ಲಿ ಜೋರು ಮಳೆ ಬಂದರೆ ಮೋರಿ ನೀರು ಹೊಸಿಲು ದಾಟಿ ಒಳಗೆ ಬರುತ್ತದೆ. ಅಕ್ಕಿ ಡಬ್ಬ, ಮಕ್ಕಳ ಪುಸ್ತಕ ಎಲ್ಲ ಮಂಚದ ಮೇಲೆ. ಕಚೇರಿಗೆ ಹೋಗಿ ಕೇಳಿದರೆ "ಅಲ್ಲಿ ಕೆಲಸ ಆಗಿದೆಯಲ್ಲಾ" ಅಂದರು. ಇಂಥ ಕಡೆ ಸುಮ್ನೆ ಗಂಟಲು ಹರಿದುಕೊಳ್ಳಬೇಡಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಾಗದ ಕೇಳಿ.

ಅರ್ಜಿಯಲ್ಲಿ "ಮೋರಿ ಯಾಕೆ ಕಟ್ಟಿಲ್ಲ" ಅಂತ ಬರೆದರೆ ಜಾರಿಕೊಳ್ಳುತ್ತಾರೆ. ಅವರ ಬಳಿ ಇರುವ ದಾಖಲೆಯ ಹೆಸರು ಹೇಳಿ ಪ್ರತಿ ಕೇಳಬೇಕು: ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ಲು, ಮುಖ್ಯವಾಗಿ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ ಕಟ್ಟಿದ್ದೇವೆಂದು ಇಂಜಿನಿಯರ್ ಸಹಿ ಹಾಕುವುದು ಅದರಲ್ಲೇ, ದುಡ್ಡು ಹೋಗುವುದೂ ಅದನ್ನು ನೋಡಿಯೇ. ಕಾಮಗಾರಿ ಪರಿಶೀಲಿಸಲು, ಸಿಮೆಂಟಿನ ಮಾದರಿ ತೆಗೆದುಕೊಳ್ಳಲು ಕೂಡ ಕೇಳಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ!

ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೋರಿ ಜೊತೆ ನಲ್ಲಿ, ಬೀದಿ ದೀಪ ಸೇರಿಸಬೇಡಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ.

ನಮ್ಮ ಪಕ್ಕದ ಮನೆ ಅಕ್ಕ ಮೊದಲ ಸಲ ಒಬ್ಬರೇ ಹೋದಾಗ "ನಿನಗ್ಯಾಕಮ್ಮ ಇದೆಲ್ಲ" ಅಂದರಂತೆ, ಅವರು ಅರ್ಜಿ ಮಡಚಿಕೊಂಡು ವಾಪಸ್ ಬಂದರು. ಹಾಗೆ ಕೇಳುವ ಹಕ್ಕು ಯಾರಿಗೂ ಇಲ್ಲ, ಮಾಹಿತಿ ಯಾಕೆ ಬೇಕು ಅಂತ ಹೇಳಬೇಕಿಲ್ಲ ಎಂದು ಕಾಯ್ದೆಯ 6(2)ರಲ್ಲೇ ಇದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ಅಧಿಕಾರಿಯೇ ನೆರವಾಗಬೇಕು. ಆದರೂ ನಾಲ್ಕೈದು ಜನ ಒಟ್ಟಿಗೆ ಹೋಗಿ. ಎರಡನೇ ಸಲ ಐದು ಹೆಂಗಸರು ಹೋದಾಗ ಮಾತೇ ಆಡದೆ ತೆಗೆದುಕೊಂಡರು.

ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸದೆ ಜಾಗ ಬಿಡಬೇಡಿ. "ಇದು ನಮ್ಮ ಇಲಾಖೆ ಅಲ್ಲ" ಅಂದರೆ 5 ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸುವುದು ಅವರ ಕೆಲಸ. ಉತ್ತರಕ್ಕೆ 30 ದಿನ. ಬರಲಿಲ್ಲವೇ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಶುಲ್ಕವಿಲ್ಲ. ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ ಇದೆ.

ಪ್ರತಿ ಕೈಗೆ ಬಂದ ದಿನ ಟೇಪು ತಂದು ಗಲ್ಲಿಯವರೆಲ್ಲರ ಎದುರು ಮೋರಿ ಅಳೆಯಿರಿ. ಪುಸ್ತಕದಲ್ಲಿ ಎಷ್ಟು, ನೆಲದ ಮೇಲೆ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದು, ಫೋಟೋ ಸೇರಿಸಿ, ಪ್ರತಿ ಮನೆಯಿಂದ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಮೇಲಧಿಕಾರಿಗೆ ದೂರು ಕೊಡಿ. ಅದಕ್ಕೂ ಸೀಲು ಹಾಕಿಸಿಕೊಳ್ಳಿ.