ತಟ್ಟೆ ಬದಲಾಯಿಸಿದ್ದು ಸುಲಭ, ತೊಳೆಯುವುದೇ ನಿಜವಾದ ಕೆಲಸ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಟಿಫನ್ ಹೋಟೆಲ್. 28 ಜನ ಕೂರಬಹುದು. ವಾರದ ದಿನಗಳಲ್ಲಿ ಊರಿನವರೇ ಬರುತ್ತಾರೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೊರಟವರು ಬೆಳಿಗ್ಗೆ ಏಳಕ್ಕೇ ಬಂದು ನಿಂತಿರುತ್ತಾರೆ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಮೇಜಿಗೆ ಹಾಸುವ ಹಾಳೆ ಇವನ್ನೆಲ್ಲ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ನಿಷೇಧ ಮಾಡಿದ್ದಾರೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಡೀ ದೇಶದಲ್ಲೇ ಬಂದ್. ನಾವೂ ಬಿಟ್ಟೆವು. ಬಿಟ್ಟು ಪೇಪರ್ ತಟ್ಟೆ, ಪೇಪರ್ ಕಪ್ ತಂದೆವು. ನಿಯಮ ಪಾಲಿಸಿದ್ದೇವೆ ಅಂತ ನೆಮ್ಮದಿಯಾಗಿದ್ದೆವು. ಆದರೆ ದಿನದ ಕಸ ಒಂದು ಚೀಲವೂ ಕಡಿಮೆಯಾಗಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಹಸು ಸಾಕುವ ಒಬ್ಬರು. ದಿನಾ ಮಧ್ಯಾಹ್ನ ಬಂದು ನಮ್ಮ ಮುಸುರೆ, ಕಲಗಚ್ಚು ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಬಂದವರೇ, "ಅಣ್ಣಾ, ನಾಳೆಯಿಂದ ಬೇಡ" ಅಂದರು. ಯಾಕೆ ಅಂತ ಕೇಳಿದೆ. ಬಕೆಟ್ಟಿಗೆ ಕೈ ಹಾಕಿ ನೆನೆದು ಮೆತ್ತಗಾದ ಒಂದು ಪೇಪರ್ ತಟ್ಟೆ ಎತ್ತಿದರು. ಅದರ ಮೇಲಿನ ಪದರವನ್ನು ಉಗುರಿನಿಂದ ಎಬ್ಬಿಸಿದರು. ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಹೊಳೆಯುವ ಒಂದು ಹಾಳೆ ಪೂರ್ತಿ ಕಿತ್ತು ಬಂತು. ಎಳೆದರೆ ಹರಿಯಲಿಲ್ಲ. "ಇದು ಹಸೂನ ಹೊಟ್ಟೇಲಿ ಕೂತ್ರೆ ನಾನೇನು ಮಾಡ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ವಾರವೇ ಸ್ಟೀಲ್ ತಟ್ಟೆ, ಸ್ಟೀಲ್ ಲೋಟ ತಂದೆ. 28 ಸೀಟಿಗೆ 40 ತಟ್ಟೆ ಸಾಕು ಅಂದುಕೊಂಡಿದ್ದು ದೊಡ್ಡ ತಪ್ಪು. ಮೊದಲ ಭಾನುವಾರ ಎಂಟೂವರೆಗೆ ತಟ್ಟೆ ಖಾಲಿ. ದೋಸೆ ಕಾವಲಿಯ ಮೇಲಿದೆ, ಹಾಕಿಕೊಡಲು ತಟ್ಟೆ ಇಲ್ಲ. ಪಾತ್ರೆ ತೊಳೆಯುವ ಅಕ್ಕನಿಗೆ ಕೈ ನಿಲ್ಲಿಸಲು ಪುರುಸೊತ್ತಿಲ್ಲ. ಅರ್ಧ ಗಂಟೆ ಕಾದ ಒಂದು ಗುಂಪು ಎದ್ದೇ ಹೋಯಿತು. ಅವತ್ತು ಮಧ್ಯಾಹ್ನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ತೋರಿಸಿದರು. "ನೋಡಿ ಅಣ್ಣಾ, ಒಂದು ತಟ್ಟೆ ಮೇಜಿನ ಮೇಲಿದ್ರೆ ಒಂದು ತೊಟ್ಟೀಲಿರುತ್ತೆ, ಇನ್ನೊಂದು ಆರ್ತಾ ಇರುತ್ತೆ. ಸೀಟಿಗೆ ಮೂರು ಬೇಕು." ನನಗೆ ಸಿಕ್ಕ ಅತ್ಯುತ್ತಮ ಲೆಕ್ಕ ಅದು. ಈಗ 90 ತಟ್ಟೆ ಇವೆ.

ತೊಳೆಯುವ ಜಾಗವನ್ನೂ ಅವರು ಹೇಳಿದ ಹಾಗೇ ಬದಲಾಯಿಸಿದೆವು. ಮೊದಲು ಎಂಜಲು ಕೆರೆದು ಹಾಕುವ ಬಕೆಟ್. ಆಮೇಲೆ ಸೋಪಿನ ನೀರಿನ ತೊಟ್ಟಿ, ಆಮೇಲೆ ಬರೀ ನೀರು, ಕೊನೆಗೆ ಕುದಿನೀರಿನಲ್ಲಿ ಒಂದು ಸಲ ಅದ್ದಿ ಓರೆಯಾಗಿ ನಿಲ್ಲಿಸುವುದು. ಕುದಿನೀರಿನಿಂದ ತೆಗೆದ ತಟ್ಟೆ ತಾನಾಗಿಯೇ ಆರುತ್ತದೆ, ಬಟ್ಟೆಯಲ್ಲಿ ಒರೆಸುವ ಕೆಲಸವೇ ಇಲ್ಲ. ಎಂಜಲು ಚೆನ್ನಾಗಿ ಕೆರೆದರೆ ನೀರು, ಸೋಪು ಎರಡೂ ಉಳಿಯುತ್ತವೆ. ನೀರಿಗೆ ಗ್ಯಾಸ್ ಸುಡುವುದಿಲ್ಲ. ಹಿತ್ತಲಿನ ಹಂಡೆಗೆ ಕಾಫಿ ಗಿಡದ ಸೌದೆ ಹಾಕುತ್ತೇವೆ. ಶನಿವಾರ, ಭಾನುವಾರ ತೊಳೆಯಲು ಇನ್ನೊಬ್ಬರು ಬರುತ್ತಾರೆ. ಪೇಪರ್ ತಟ್ಟೆಗೆ ಕೊಡುತ್ತಿದ್ದ ದುಡ್ಡು ಈಗ ಅವರ ಕೂಲಿಗೆ ಹೋಗುತ್ತದೆ. ಅಂಗಡಿಗೆ ಹೋಗುತ್ತಿದ್ದ ಹಣ ಒಂದು ಮನೆಗೆ ಹೋಗುತ್ತಿದೆ ಅನ್ನುವುದು ನನಗೆ ತುಂಬಾ ಖುಷಿ.

ಕಾಫಿ ವಿಷಯ ಬೇರೆಯೇ. ಕಾಫಿ ಬೆಳೆಯುವ ಊರಿನಲ್ಲಿ ಒಳ್ಳೆ ಫಿಲ್ಟರ್ ಕಾಫಿಯನ್ನು ಪೇಪರ್ ಕಪ್ಪಿನಲ್ಲಿ ಕೊಡಲು ನನಗೆ ಮೊದಲಿಂದಲೂ ಮನಸ್ಸಿರಲಿಲ್ಲ. ಆ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರವೇ. 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಸಣ್ಣ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಅಂತ ಖರಗ್‌ಪುರದ ಐಐಟಿಯವರು 2020ರಲ್ಲೇ ಹೇಳಿದ್ದಾರೆ. ಆದರೂ ಕಾರಿನಲ್ಲೇ ಕೂತು ಕುಡಿಯುವವರು ಕಪ್ ಕೇಳುತ್ತಾರೆ. ಅಮೆರಿಕದ ಬರ್ಕ್ಲಿ ಎಂಬ ಊರಿನವರು 2019ರಲ್ಲಿ ಒಂದು ಸ್ಥಳೀಯ ಕಾನೂನು ಮಾಡಿದರು. ಕೂತು ತಿನ್ನುವವರಿಗೆ ತೊಳೆದು ಬಳಸುವ ತಟ್ಟೆಯಲ್ಲೇ ಕೊಡಬೇಕು, ಎಸೆಯುವ ಕಪ್ ಬೇಕಾದರೆ 25 ಸೆಂಟ್ ಜಾಸ್ತಿ. ಅದನ್ನು ಓದಿ ನಾನೂ ಬೋರ್ಡಿನಲ್ಲಿ ಕಾಫಿ ರೇಟಿನ ಕೆಳಗೆ "ಪೇಪರ್ ಕಪ್ಪಿಗೆ ₹3 ಬೇರೆ" ಅಂತ ಬರೆಸಿದೆ. ಕೆಲವರು ಸಿಟ್ಟಾದರು, ನಿಜ. ಆದರೆ ಹೆಚ್ಚಿನವರು ಬೋರ್ಡ್ ಓದಿ ಕಾರಿನಿಂದ ಇಳಿದು ಬಂದು ಸ್ಟೀಲ್ ಲೋಟದಲ್ಲೇ ಕುಡಿಯುತ್ತಾರೆ. ಮೂರು ರೂಪಾಯಿ ಯಾರಿಗೂ ದೊಡ್ಡದಲ್ಲ. ಬೇರೆಯಾಗಿ ಕಾಣುತ್ತಲ್ಲ, ಅದಕ್ಕೇ ಒಂದು ಕ್ಷಣ ಯೋಚಿಸುತ್ತಾರೆ.

ಇಡ್ಲಿಗೆ ನಾವು ಮೊದಲಿಂದಲೂ ಬಟ್ಟೆಯನ್ನೇ ಹಾಕುತ್ತಿದ್ದೆವು. ಹಾಗಾಗಿ 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದು ಅಂತ ಸರ್ಕಾರ ಹೇಳಿದಾಗ ನಮಗೆ ತೊಂದರೆ ಆಗಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಬಟ್ಟೆ ಒಣಗುವುದೇ ಇಲ್ಲ. ಮೂರು ಜೊತೆ ಇಟ್ಟುಕೊಂಡು, ಒಗೆದದ್ದನ್ನು ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಬೇಕು.

ಮೋಸ ಹೋಗಿದ್ದು ಪಾರ್ಸಲ್‌ನಲ್ಲಿ. ಸಾಂಬಾರಿಗೆ ಏನು ಮಾಡುವುದು ಅಂತ ಒದ್ದಾಡುತ್ತಿದ್ದಾಗ ಒಬ್ಬ ವ್ಯಾಪಾರಿ "ಬಯೋ ಕವರ್, ಮಣ್ಣಲ್ಲಿ ಕರಗುತ್ತೆ" ಅಂತ ಒಂದು ಬಾಕ್ಸ್ ಕೊಟ್ಟ. ತಪಾಸಣೆಗೆ ಬಂದವರು ಕವರನ್ನು ತಿರುಗಿಸಿ ನೋಡಿ, "ತಯಾರಿಸಿದವರ ಹೆಸರು, ಸರ್ಟಿಫಿಕೇಟ್ ನಂಬರ್ ಎಲ್ಲಿ?" ಅಂದರು. ಇರಲಿಲ್ಲ. ಕರಗುವ ಕವರ್ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಪಡೆದಿರಲೇಬೇಕು. ದಂಡ ಕಟ್ಟಿದೆ, ಇಡೀ ಬಾಕ್ಸ್ ಹೋಯಿತು. ಹಸಿರು ಬಣ್ಣ, ಎಲೆಯ ಚಿತ್ರ ನೋಡಿ ಕೊಳ್ಳಬೇಡಿ. ಅಕ್ಷರ ಓದಿ ಕೊಳ್ಳಿ.

ಈಗ ಇಡ್ಲಿ, ದೋಸೆ, ವಡೆ ಎಲ್ಲ ಬಾಳೆ ಎಲೆಯಲ್ಲಿ ಕಟ್ಟುತ್ತೇವೆ. ಹಸಿ ಎಲೆ ಮಡಚಿದರೆ ಸೀಳುತ್ತದೆ. ಒಲೆಯ ಉರಿಯ ಮೇಲೆ ಒಮ್ಮೆ ಆಡಿಸಿದರೆ ಬಣ್ಣ ಗಾಢವಾಗಿ, ಎಲೆ ಬಾಡಿ ಬಟ್ಟೆಯಂತೆ ಬಗ್ಗುತ್ತದೆ. ಪಲಾವಿಗೆ ಕೊಪ್ಪದ ಕಡೆಯಿಂದ ಬರುವ ಅಡಿಕೆ ಹಾಳೆ ತಟ್ಟೆ. ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಜೂನ್‌ನಿಂದ ವಾರಕ್ಕೆ ಬೇಕಾದಷ್ಟೇ ತರಿಸುತ್ತೇವೆ. ಸಾಂಬಾರಿಗೆ ಸ್ಟೀಲ್ ಡಬ್ಬಿ, ₹100 ಡೆಪಾಸಿಟ್. ಡಬ್ಬಿ ವಾಪಸ್ ಕೊಟ್ಟರೆ ಹಣ ವಾಪಸ್. ಮನೆಯಿಂದಲೇ ಕ್ಯಾರಿಯರ್ ತಂದವರಿಗೆ ಒಂದು ಸೌಟು ಸಾಂಬಾರು ಜಾಸ್ತಿ ಹಾಕುತ್ತೇವೆ. ಅಕ್ಕಪಕ್ಕದ ಮನೆಯವರು, ಹತ್ತಿರದ ಆಫೀಸಿನವರು ಈಗ ಸುಮ್ನೆ ಡಬ್ಬಿ ಹಿಡಿದೇ ಬರುತ್ತಾರೆ. ದೂರ ಹೋಗುವ ಪ್ರವಾಸಿಗರು ಡಬ್ಬಿ ಒಯ್ದು ವಾಪಸ್ ತರುವುದು ಆಗದ ಮಾತು. ಅವರಿಗೆ ಸಾಂಬಾರು ಪಾರ್ಸಲ್ ಇಲ್ಲ, ನೀರು ಹಾಕದೆ ರುಬ್ಬಿದ ಗಟ್ಟಿ ಚಟ್ನಿ ಮಾತ್ರ. ಇದರಿಂದ ಕೆಲವು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಇನ್ನೂ ಒಳ್ಳೆ ದಾರಿ ಹುಡುಕುತ್ತಿದ್ದೇನೆ.

ಹಸುವಿನವರು ಮತ್ತೆ ಬರುತ್ತಿದ್ದಾರೆ. ಮೊದಮೊದಲು ದಿನಾ ಬಕೆಟ್ಟಿಗೆ ಕೈ ಹಾಕಿ ತಳದವರೆಗೆ ತಡಕಿ ನೋಡುತ್ತಿದ್ದರು. ಈಗ ನೇರ ಗಾಡಿಗೆ ಎತ್ತಿಡುತ್ತಾರೆ.

ಹೋಟೆಲ್ ನಡೆಸುವವರು ಯಾರಾದರೂ ಇದನ್ನು ಶುರು ಮಾಡಬೇಕು ಅಂತಿದ್ದರೆ ವಾರದ ದಿನ ಹತ್ತೂವರೆ ಮೇಲೆ ಬನ್ನಿ, ಆಗ ರಶ್ ಇರುವುದಿಲ್ಲ. ಅಡುಗೆಮನೆ ಆಮೇಲೆ ನೋಡಿದರಾಯಿತು, ಮೊದಲು ಹಿತ್ತಲಿಗೆ ಹೋಗಿ ಅಕ್ಕನ ಹತ್ತಿರ ಮಾತಾಡಿ.