ಹಳೇ ಬಿಎಂಡಬ್ಲ್ಯು ಕೊಂಡಿರಾ? ಮೊದಲು ನೀರು ನೋಡಿ

ಒಂದು ಹೊಸ ಸಣ್ಣ ಕಾರಿನ ದುಡ್ಡಿಗೆ ಇವತ್ತು ಬೆಂಗಳೂರಿನಲ್ಲಿ ಹಳೇ ಬಿಎಂಡಬ್ಲ್ಯು 530ಐ ಸಿಗುತ್ತದೆ. 2003ರಿಂದ 2010ರವರೆಗೆ ಬಂದ ಇ60 ಮಾಡೆಲ್ ಅದು. 2007ರಲ್ಲಿ ಶುರುವಾದ ಚೆನ್ನೈ ಕಾರ್ಖಾನೆಯಲ್ಲೂ ಈ ಗಾಡಿ ಜೋಡಣೆಯಾಗುತ್ತಿತ್ತು. ಇಲ್ಲಿ ಹೇಳುವುದು 2005ರಿಂದೀಚಿನ ಗಾಡಿಗಳ ಬಗ್ಗೆ: ಮೂರು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ, 250ಕ್ಕೂ ಜಾಸ್ತಿ ಹಾರ್ಸ್‌ಪವರ್. ಆರು ಸಾವಿರ ಆರ್‌ಪಿಎಂ ದಾಟಿದಾಗಿನ ಅದರ ಸದ್ದು ಕೇಳಿದವರು ಚೌಕಾಸಿ ಮಾಡುವುದನ್ನೇ ಮರೆಯುತ್ತಾರೆ.

ಎಡವುವುದು ಅಲ್ಲೇ. ಆನೆ ಅಗ್ಗವಾಗಿದೆ, ಮೇವು ಅಗ್ಗವಾಗಿಲ್ಲ. ಕೊಂಡ ಬೆಲೆಯ ಮೂರನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಅಷ್ಟು ಆಗದಿದ್ದರೆ ಬೇರೆ ಗಾಡಿ ನೋಡುವುದೇ ವಾಸಿ.

ನೋಡಲು ಹೋದಾಗ

ನೀವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಬಿಸಿಯಾದ ಮೇಲೆ ಬಾನೆಟ್ ಎತ್ತಿ ಮೂಸಿ ನೋಡಿ. ಸುಟ್ಟ ಆಯಿಲ್ ವಾಸನೆ ಬಂದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಅಥವಾ ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಸೋರುತ್ತಿದೆ ಅಂತ ಅರ್ಥ. ಇದು ಹೆದರಿ ಓಡುವಂಥದ್ದಲ್ಲ, ಬೆಲೆ ಇಳಿಸುವಂಥದ್ದು. ಆಯಿಲ್ ಅಳೆಯುವ ಕಡ್ಡಿ ಹುಡುಕಬೇಡಿ, ಈ ಎಂಜಿನ್ನಿಗೆ ಅದಿಲ್ಲ. ಮಟ್ಟವನ್ನು ಸೆನ್ಸರ್ ಅಳೆದು ಪರದೆಯಲ್ಲಿ ತೋರಿಸುತ್ತದೆ.

ಆರ್‌ಸಿ ಕೂಡ ನೋಡಿ. 2009ರ ಗಾಡಿಗೆ 15 ವರ್ಷ ಮುಗಿದಾಗಿದೆ. ಐದು ವರ್ಷಕ್ಕೆ ನವೀಕರಣ ಆಗಿದೆಯೇ ಅಂತ ಕೇಳಿ. 2025ರಲ್ಲಿ ಆ ಶುಲ್ಕ 5,000 ರೂಪಾಯಿ ಇತ್ತು, 20 ವರ್ಷ ದಾಟಿದರೆ 10,000. ಹಸಿರು ತೆರಿಗೆ ಬೇರೆ.

ಮನೆಗೆ ತಂದ ಮೇಲೆ, ಮೊದಲು ವಾಟರ್ ಪಂಪ್

ಎಂಜಿನ್ ತಂಪಾಗಿಡುವ ನೀರನ್ನು, ಅಂದರೆ ಕೂಲಂಟನ್ನು, ಸುತ್ತಿಸುವುದು ವಾಟರ್ ಪಂಪ್. ಸಾಮಾನ್ಯ ಕಾರಿನಲ್ಲಿ ಅದನ್ನು ಬೆಲ್ಟ್ ತಿರುಗಿಸುತ್ತದೆ. ಹಾಳಾಗುವ ಮುಂಚೆ ಕಿರುಗುಟ್ಟುತ್ತದೆ, ಇಲ್ಲವೇ ಸೋರುತ್ತದೆ. ಇದರಲ್ಲಿರುವುದು ಎಲೆಕ್ಟ್ರಿಕ್ ಪಂಪ್. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಸುಮ್ನೆ ನಿಂತುಬಿಡುತ್ತದೆ. ಕೆಂಪು ಥರ್ಮಾಮೀಟರ್ ಗುರುತು ಬಂದರೆ "ಮನೆ ಇಲ್ಲೇ ಎರಡು ಕಿಲೋಮೀಟರ್" ಅನ್ನಬೇಡಿ. ಅಲ್ಲೇ ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಟೋಯಿಂಗ್ ಕರೆಸಿ. ಎಂಜಿನ್ ಬ್ಲಾಕ್ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಸೇರಿಸಿ ಮಾಡಿದ್ದು. ಹಗುರ ನಿಜ, ಆದರೆ ಅತಿ ಬಿಸಿಯನ್ನು ತಡೆಯುವುದಿಲ್ಲ.

ಪಂಪ್ ಯಾವಾಗ ಬದಲಾಗಿದೆ ಅಂತ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ. ಪಂಪ್ ಜೊತೆಗೇ ಥರ್ಮೋಸ್ಟಾಟ್ ಹಾಕಿಸಿ. ಅದನ್ನು ಉಳಿಸಿ ಮುಂದಿನ ವರ್ಷ ಅದೇ ಮಜೂರಿ ಎರಡನೇ ಸಲ ಯಾಕೆ ಕೊಡಬೇಕು? ಬ್ಲಾಕಿಗೆ ಹೋಗುವ ಬೋಲ್ಟುಗಳು ಅಲ್ಯೂಮಿನಿಯಂನವು, ಒಂದೇ ಸಲಕ್ಕೆ. ಹಳೆಯದನ್ನೇ ತಿರುಪಿದರೆ ಮುರಿಯುತ್ತವೆ. ಹೊಸ ಬೋಲ್ಟ್ ತಂದಿದ್ದಾರಾ ಅಂತ ಮೆಕ್ಯಾನಿಕ್ಕನ್ನು ಮೊದಲೇ ಕೇಳಿ. ಅವರ ಉತ್ತರದಲ್ಲೇ ಅವರಿಗೆ ಈ ಗಾಡಿ ಗೊತ್ತೋ ಇಲ್ಲವೋ ತಿಳಿಯುತ್ತದೆ.

ಕೂಲಂಟ್ ತುಂಬಿದ ಮೇಲೆ ಗಾಳಿ ತೆಗೆಯುವ ಕ್ರಮವೂ ಬೇರೆ. ಬ್ಯಾಟರಿಗೆ ಚಾರ್ಜರ್ ಹಾಕಿಕೊಳ್ಳಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಕನಿಷ್ಠಕ್ಕೆ ಇಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಒಳಗೆಲ್ಲೋ ಗುಯ್‌ಗುಟ್ಟುವ ಸದ್ದು ಶುರುವಾಗುತ್ತದೆ. ಪಂಪ್ ತಾನಾಗಿಯೇ ಸುಮಾರು 12 ನಿಮಿಷ ಓಡಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ನನಗೆ ಇಡೀ ಗಾಡಿಯಲ್ಲಿ ಅತಿ ಇಷ್ಟವಾದ ಸದ್ದು ಇದು. ಹೆಂಡತಿಗೆ ಹೇಳಿದರೆ ನಗುತ್ತಾಳೆ.

ಡಿಕ್ಕಿಯೊಳಗಿನ ಕೆರೆ

ಎರಡನೇ ಶತ್ರು ಮಳೆ. ಸನ್‌ರೂಫಿನ ಮೂಲೆಗಳಿಂದ ನೀರು ಇಳಿಯಲು ಸಣ್ಣ ಕೊಳವೆಗಳಿವೆ. ಎಲೆ, ಧೂಳು ಕಟ್ಟಿಕೊಂಡರೆ ನೀರು ಡಿಕ್ಕಿಗೆ ಹೋಗುತ್ತದೆ. ಬ್ಯಾಟರಿ, ಕಂಟ್ರೋಲ್ ಯೂನಿಟ್‌ಗಳು ಇರುವುದೂ ಅಲ್ಲೇ! ನಾನು ಒಂದು ಮೇ ತಿಂಗಳು ಪೂರ್ತಿ ಗುಲ್‌ಮೊಹರ್ ಮರದ ಕೆಳಗೆ ಗಾಡಿ ನಿಲ್ಲಿಸಿದ್ದೆ, ನೆರಳು ಅಂತ. ಎರಡು ಮಳೆ ಬಂದ ಮೇಲೆ ಡಿಕ್ಕಿಯ ಹಲಗೆ ಎತ್ತಿದರೆ ಕೆಂಪು ಎಸಳು ತೇಲುತ್ತಿತ್ತು. ತಪ್ಪು ನನ್ನದೇ.

ಮಳೆಗಾಲಕ್ಕೆ ಮುಂಚೆ ಸನ್‌ರೂಫ್ ತೆಗೆದು ಪ್ರತಿ ಮೂಲೆಗೆ ಅರ್ಧ ಲೋಟ ನೀರು ಹಾಕಿ. ಗಾಡಿಯ ಕೆಳಗೆ ಸುರಿದರೆ ಸರಿ. ಸುರಿಯದಿದ್ದರೆ ತೆಳು ನೈಲಾನ್ ದಾರ ಬಿಟ್ಟು ಮೆಲ್ಲಗೆ ಬಿಡಿಸಿ. ಗಾಳಿ ಹೊಡೆದರೆ ಕೊಳವೆಯ ಜಾಯಿಂಟ್ ಕಳಚಿಕೊಳ್ಳುತ್ತದೆ.

ಹೊಸ ಬ್ಯಾಟರಿ ಹಾಕಿಸಿದಾಗ ಸ್ಕ್ಯಾನರಿನಲ್ಲಿ ಅದನ್ನು ನೋಂದಾಯಿಸಲೇಬೇಕು. ಇಲ್ಲದಿದ್ದರೆ ಇನ್ನೂ ಹಳೇ ಬ್ಯಾಟರಿಯೇ ಇದೆ ಅಂದುಕೊಂಡು ಗಾಡಿ ಚಾರ್ಜ್ ಮಾಡುತ್ತದೆ. "ಏನೂ ಬೇಡ ಸಾರ್, ಹಾಕಿ ಓಡಿಸಿ" ಅಂದ ಅಂಗಡಿಯವರ ಮಾತು ಕೇಳಿ ನಾನೊಂದು ಬ್ಯಾಟರಿ ಕಳೆದುಕೊಂಡೆ.

ಗೇರ್‌ಬಾಕ್ಸ್, ಬಿಡಿಭಾಗ, ಪೆಟ್ರೋಲ್

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ "ಲೈಫ್‌ಟೈಮ್" ಅನ್ನುತ್ತಾರೆ. ಯಾರ ಲೈಫು? ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲೇ ಫಿಲ್ಟರ್ ಸೇರಿಕೊಂಡಿದೆ, ತಟ್ಟೆ ಸಮೇತ ಹೊಸದು ಹಾಕಬೇಕು.

ಬಿಡಿಭಾಗ ಕೇಳುವಾಗ ಚಾಸಿಸ್ ನಂಬರಿನ ಕೊನೆಯ ಏಳು ಅಕ್ಷರ ಕೊಡಿ. ಒಂದೇ ವರ್ಷದ ಎರಡು ಗಾಡಿಗೂ ಬೇರೆ ಬೇರೆ ಸಾಮಾನು ಇರಬಹುದು. ಬಿಎಂಡಬ್ಲ್ಯು ಡಬ್ಬದಲ್ಲಿ ಬರುವ ಎಷ್ಟೋ ಭಾಗ ಮಾಡುವುದು ಬೇರೆ ಕಂಪನಿಗಳು. ಸಸ್ಪೆನ್ಷನ್ನಿಗೆ ಲೆಮ್‌ಫರ್ಡರ್, ಫಿಲ್ಟರಿಗೆ ಮಾನ್ ಅಥವಾ ಮಾಲೆ ಡಬ್ಬ ಕೇಳಿದರೆ ದುಡ್ಡು ಉಳಿಯುತ್ತದೆ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಬಿಲ್ ಬಿಡಬೇಡಿ, ನಕಲಿ ಮಾಲಿನ ಕಾಟ ಇದೆ.

ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಈ ಗಾಡಿ ತಯಾರಾದಾಗ ಲೆಕ್ಕ ಹಾಕಿದ್ದು ಗರಿಷ್ಠ 10 ಶೇಕಡಾ ಎಥನಾಲ್‌ಗೆ. ಹಾಗಾಗಿ ಸರ್ವಿಸ್ ಮಾಡಿಸುವಾಗೆಲ್ಲ ಇಂಧನದ ರಬ್ಬರ್ ಪೈಪ್ ನೋಡಿಸಿ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಂದು ಸಲ, ಟ್ರಾಫಿಕ್ ಏಳುವ ಮುಂಚೆ, ನೈಸ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಬನ್ನಿ. ಆಯಿಲ್ ಪೂರ್ತಿ ಬಿಸಿಯಾಗುತ್ತದೆ, ಒಳಗಿನ ತೇವ ಆರುತ್ತದೆ. ವಾಪಸ್ ಬರುವಾಗ ಬಡಾವಣೆಯ ಹಂಪ್ ಮೇಲೆ ಮಾತ್ರ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ.